.44 ಮ್ಯಾಗ್ನಮ್ ಸಾಕೋ, .454 ಬೇಕೋ? ಬೇಟೆಗೂ ಬೆಂಗಾವಲಿಗೂ ಒಂದೇ ರಿವಾಲ್ವರ್

ಸ್ಪೋಕೇನ್ ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ವಾಷಿಂಗ್ಟನ್ ರಾಜ್ಯದಲ್ಲಿ, ಸ್ಪೋಕೇನ್‌ನಿಂದ ಉತ್ತರಕ್ಕಿರುವ ಪೈನ್ ಕಾಡುಗಳಲ್ಲಿ ಬಿಳಿಬಾಲದ ಜಿಂಕೆ ಬೇಟೆಗೆ ಒಂದು ದೊಡ್ಡ ಕ್ಯಾಲಿಬರ್ ರಿವಾಲ್ವರ್ ಕೊಳ್ಳಬೇಕು. ಪೊದೆ ದಟ್ಟ, ಈಡು ಸಿಗುವುದು 30ರಿಂದ 60 ಗಜದೊಳಗೆ. ರೈಫಲ್ ಹಿಡಿದು ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೋದಾಗಲೂ ಅದೇ ರಿವಾಲ್ವರ್ ಬೆಂಗಾವಲಿಗೆ ಮೈಮೇಲಿರಬೇಕು. ಕಪ್ಪು ಕರಡಿ, ಕೂಗರ್ (ಪ್ಯೂಮಾ) ಎರಡೂ ಇರುವ ಜಾಗ. ಈಶಾನ್ಯ ಮೂಲೆಯ ಸೆಲ್ಕರ್ಕ್ ಬೆಟ್ಟಗಳ ಕಡೆ ಹೋದರೆ ಗ್ರಿಜ್ಲಿ ಕರಡಿಯೂ ಉಂಟು.

.44 ಮ್ಯಾಗ್ನಮ್ ಸಾಕೇ, .454 ಕಸೂಲ್‌ಗೆ ಏರಬೇಕೇ? ಬ್ಯಾರೆಲ್ ಎಷ್ಟುದ್ದ ಇರಬೇಕು? ಬೇಟೆಗೆ 7.5 ಇಂಚು ಎನ್ನುವವರಿದ್ದಾರೆ, ಬೆಂಗಾವಲಿಗೆ 2.5 ಇಂಚಿನ ರೂಗರ್ ಅಲಾಸ್ಕನ್ ಎನ್ನುವವರೂ ಇದ್ದಾರೆ. ಇನ್ನೊಂದು: ಅಂಗಡಿಯಲ್ಲಿ ಹಳೆಯ ಸ್ಮಿತ್ ಆ್ಯಂಡ್ ವೆಸನ್ ಮಾಡೆಲ್ 29 ಒಂದಿದೆ. ಸೆಕೆಂಡ್ ಹ್ಯಾಂಡ್ ರಿವಾಲ್ವರಿನಲ್ಲಿ ಏನೇನು ನೋಡಬೇಕು? .357 ಮ್ಯಾಗ್ನಮ್‌ಗೆ ಕೈ ಪಳಗಿದೆ, ಅದಕ್ಕಿಂತ ದೊಡ್ಡದು ಹೊಸದು. ಗ್ರೀನ್ ಕಾರ್ಡ್ ಮತ್ತು ಬೇಟೆ ಲೈಸೆನ್ಸ್ ಎರಡೂ ಇವೆ.

ನಳಿಗೆ:

2.5 ಇಂಚಿನದನ್ನು ಮೊದಲು ಪಟ್ಟಿಯಿಂದ ತೆಗೆಯಿರಿ. ವಾಷಿಂಗ್ಟನ್‌ನಲ್ಲಿ ಜಿಂಕೆ, ಎಲ್ಕ್, ಕರಡಿಗಳನ್ನು ಹ್ಯಾಂಡ್‌ಗನ್‌ನಿಂದ ಹೊಡೆಯಬೇಕಾದರೆ ಬ್ಯಾರೆಲ್ ಕನಿಷ್ಠ 4 ಇಂಚು, ಕ್ಯಾಲಿಬರ್ ಕನಿಷ್ಠ .24 ಇರಬೇಕು, ತೋಟಾ ಸೆಂಟರ್‌ಫೈರ್ (ಸಿಡಿಮದ್ದು ಬುಡದ ನಡುವೆ ಇರುವಂಥದ್ದು) ಆಗಿರಬೇಕು. ಅಲಾಸ್ಕನ್ ಬರೀ ಬೆಂಗಾವಲಿನ ಕೋವಿ. ನಿಮಗೆ ಎರಡೂ ಕೆಲಸಕ್ಕೆ ಒಂದೇ ಬೇಕು.

ಕ್ಯಾಲಿಬರ್ ವಿಷಯದಲ್ಲಿ ನನ್ನ ಮಾತು ಸ್ಪಷ್ಟ: .44 ಮ್ಯಾಗ್ನಮ್. 1955ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ಮತ್ತು ರೆಮಿಂಗ್ಟನ್ ಸೇರಿ ಇದನ್ನು ತಂದಾಗಿನಿಂದ ಈ ಎರಡು ಕೆಲಸಕ್ಕೂ ಇದೇ ಅಳತೆಗೋಲು. 240 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು 4 ಇಂಚಿನ ಬ್ಯಾರೆಲ್ಲಿನಿಂದ ಸೆಕೆಂಡಿಗೆ ಸುಮಾರು 1,200 ಅಡಿ, 7.5 ಇಂಚಿನದರಿಂದ ಸುಮಾರು 1,350 ಅಡಿ ವೇಗದಲ್ಲಿ ಹೊರಡುತ್ತದೆ. 60 ಗಜದ ಜಿಂಕೆಗೆ ಈ ಎರಡರ ನಡುವಿನ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ.

.454 ಕೆಟ್ಟದ್ದಲ್ಲ, ಆದರೆ ಅದು ಬೇರೆಯೇ ಮಟ್ಟದ್ದು. .44ರ ಗರಿಷ್ಠ ಒತ್ತಡ 36,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), .454ರದ್ದು 65,000. ಒದೆತದ ಲೆಕ್ಕ ಹಾಕಿ ನೋಡಿ. 45 ಔನ್ಸ್ ತೂಕದ ಕೋವಿಯಲ್ಲಿ 240 ಗ್ರೇನಿನ .44 ಸುಮಾರು 18 ಅಡಿ-ಪೌಂಡ್ ಒದೆಯುತ್ತದೆ. 53 ಔನ್ಸಿನ ಸೂಪರ್ ರೆಡ್‌ಹಾಕ್‌ನಲ್ಲಿ 300 ಗ್ರೇನಿನ ತುಂಬು .454 ಸುಮಾರು 35. ಅಷ್ಟು ಭಾರದ ಕೋವಿಯಲ್ಲೂ ಹೆಚ್ಚುಕಡಿಮೆ ಎರಡು ಪಟ್ಟು. ಬೇಟೆಯ ಮೊದಲ ಈಡಿಗೆ ಇದನ್ನು ಸಹಿಸಬಹುದು. ಕರಡಿ ಮೈಮೇಲೆ ಬರುವಾಗ ಬೇಕಾಗುವುದು ಎರಡನೆಯ ಮತ್ತು ಮೂರನೆಯ ಈಡು. ಒದೆತದಿಂದ ಬ್ಯಾರೆಲ್ ಆಕಾಶ ನೋಡುತ್ತಿದ್ದರೆ ಆ ಈಡುಗಳು ಸಮಯಕ್ಕೆ ಹೊರಡುವುದಿಲ್ಲ. .500 ಸ್ಮಿತ್ ಆ್ಯಂಡ್ ವೆಸನ್‌ಗೆ (2003ರದ್ದು, ಐದೇ ತೋಟಾ, ಉದ್ದ ಬ್ಯಾರೆಲ್ಲಿನದು 2 ಕಿಲೋ ಮುಟ್ಟುತ್ತದೆ) ಈ ಮಾತು ಇನ್ನೂ ಹೆಚ್ಚು ಅನ್ವಯ.

ತೂಕ ಉಳಿಸುವ ಆಸೆಗೂ ಬೀಳಬೇಡಿ. ಸ್ಕ್ಯಾಂಡಿಯಮ್ ಮಿಶ್ರಲೋಹದ ಹಗುರ ಫ್ರೇಮಿನ ಸ್ಮಿತ್ 329ಪಿಡಿ ಸುಮಾರು 25 ಔನ್ಸ್. ಹೊರುವಾಗ ಹಿತ, ಆದರೆ ಅದೇ 240 ಗ್ರೇನ್ ತೋಟಾ ಅದರಲ್ಲಿ 31-32 ಅಡಿ-ಪೌಂಡ್ ಒದೆಯುತ್ತದೆ. ಅಂದರೆ .44 ಕೊಂಡು .454ರ ಪೆಟ್ಟು ತಿಂದಂತೆ.

ಹೊಸದು ಕೊಳ್ಳುವುದಾದರೆ 5.5 ಇಂಚಿನ ರೂಗರ್ ರೆಡ್‌ಹಾಕ್ ಅಥವಾ 5-6 ಇಂಚಿನ ಸ್ಮಿತ್ 629 (ಮಾಡೆಲ್ 29ರ ಸ್ಟೇನ್‌ಲೆಸ್ ರೂಪ). ಇವೆರಡರ ಸ್ವಭಾವ ಬೇರೆ. ರೆಡ್‌ಹಾಕ್ ದಪ್ಪ, ಭಾರದ ತೋಟಾಗಳನ್ನು ವರ್ಷಗಟ್ಟಲೆ ತಡೆಯುತ್ತದೆ. ಅದರ ಹ್ಯಾಮರ್‌ಗೂ ಟ್ರಿಗರ್‌ಗೂ ಒಂದೇ ಸ್ಪ್ರಿಂಗ್, ಹಾಗಾಗಿ ಡಬಲ್ ಆ್ಯಕ್ಷನ್ ಎಳೆತ (ಟ್ರಿಗರ್ ಒಂದರಿಂದಲೇ ಹ್ಯಾಮರ್ ಏರಿಸಿ ಹೊಡೆಯುವುದು) ಬಿಗಿ. ಎಳೆತ ಹಗುರ ಮಾಡಲು ಮೆತ್ತನೆಯ ಸ್ಪ್ರಿಂಗ್ ಹಾಕಿದರೆ ಹ್ಯಾಮರ್ ಪೆಟ್ಟು ಮೆದುವಾಗಿ ಪ್ರೈಮರ್ (ತೋಟಾ ಬುಡದ ಸಿಡಿಮದ್ದು) ಸಿಡಿಯದೇ ಉಳಿಯಬಹುದು. ಬೆಂಗಾವಲಿನ ಕೋವಿಯಲ್ಲಿ ಆ ಕೆಲಸ ಬೇಡವೇ ಬೇಡ. ಸೂಪರ್ ರೆಡ್‌ಹಾಕ್‌ನಲ್ಲಿ ಎರಡು ಸ್ಪ್ರಿಂಗ್ ಇವೆ, ಎಳೆತ ನಯ, ಫ್ರೇಮ್ ಮೇಲೆಯೇ ಸ್ಕೋಪ್ ಕೂರಿಸುವ ಕಚ್ಚುಗಳಿವೆ. ಆದರೆ 7.5 ಇಂಚಿನದನ್ನು ಎದೆಯ ಮೇಲೆ ಕಟ್ಟಿಕೊಂಡು ಬಗ್ಗಿದರೆ ತುದಿ ಸೊಂಟಪಟ್ಟಿಗೆ ತಾಗುತ್ತದೆ. 629ರ ಟ್ರಿಗರ್ ಮೂರರಲ್ಲೂ ನಯ, ತೂಕವೂ ಕಡಿಮೆ. ಅದರ ಸಿಲಿಂಡರ್ ರೂಗರಿಗಿಂತ ಗಿಡ್ಡ ಅನ್ನುವುದು ನೆನಪಿರಲಿ. .44 ಮ್ಯಾಗ್ನಮ್ ತೋಟಾದ ಪ್ರಮಾಣಿತ ಗರಿಷ್ಠ ಉದ್ದ 1.610 ಇಂಚು. 320 ಗ್ರೇನಿನ ಮೇಲಿನ ಕೆಲವು ವಿಶೇಷ ತೋಟಾಗಳು ಇದನ್ನು ಮೀರುತ್ತವೆ, ಅಂಥವನ್ನು ರೂಗರಿಗೆಂದೇ ಮಾಡಿರುತ್ತಾರೆ.

ಧಾರವಾಡ ಪೇಢೆ:

ನೋಡ್ರಿ, ಹಳೇ ಮಾಡೆಲ್ 29 ಅಂದಕೂಡ್ಲೆ ಮನಸ್ಸು ಕರಗತೈತಿ, ಆದ್ರ ಮೊದಲ ಅದು ಯಾವ ಕಾಲದ್ದು ಅಂತ ಕೇಳ್ರಿ. 1980ರ ದಶಕದ ಕೊನೀಗೆ ಕಂಪನಿಯವ್ರು ಇದರ ಲಾಕ್‌ವರ್ಕ್ ಗಟ್ಟಿ ಮಾಡಿದ್ರು. ಅದಕ್ಕಿಂತ ಹಿಂದಿನವುಕ್ಕ 300 ಗ್ರೇನಿನ ಭಾರೀ ತೋಟಾ ಹಾಕಿದ್ರ, ಒದೆತಕ್ಕ ಸಿಲಿಂಡರ್ ಲಾಕ್ ಬಿಟ್ಟು ಹಿಂದಕ್ಕ ತಿರುಗತೈತಿ. ಮತ್ತ ಟ್ರಿಗರ್ ಎಳದ್ರ ಹ್ಯಾಮರ್ ಸುಟ್ಟ ತೋಟಾದ ಮ್ಯಾಲೇ ಬೀಳತೈತಿ. 240 ಗ್ರೇನ್ ಹಾಕ್ಕೊಂಡು ಜಿಂಕಿ ಹೊಡೀಲಿಕ್ಕೆ ಅದು ಬಂಗಾರ. ಕರಡಿ ತೋಟಾಕ್ಕ ಅದು ಸರಿ ಅಲ್ಲ.

ಈಗ ಪರೀಕ್ಷೆ ಹೆಂಗ ಮಾಡೂದು ಹೇಳ್ತೀನಿ. ಅಂಗಡಿಯವ್ರನ್ನ ಕೇಳಿ, ಸಿಲಿಂಡರ್ ಹೊರಗ ತಗದು, ಆರೂ ಕೋಣಿ (ತೋಟಾ ಕೂರೋ ತೂತು) ಖಾಲಿ ಅದಾವ ಅಂತ ಕಣ್ಣಿಂದ ನೋಡಿ ಬೆರಳಿಂದ ಮುಟ್ಟಿ ಖಾತ್ರಿ ಮಾಡ್ಕೊಳ್ರಿ. ಆಮ್ಯಾಲೆ ಸಿಲಿಂಡರ್ ಮುಚ್ಚಿ, ಎಡಗೈ ಬೆರಳಿಂದ ಅದನ್ನ ಹಗೂರಕ ತಡಕೊಂಡು, ಹ್ಯಾಮರ್ ನಿಧಾನಕ್ಕ ಹಿಂದಕ್ಕ ಎಳೀರಿ. ಹ್ಯಾಮರ್ ಪೂರ್ತಿ ಏರಿ ನಿಲ್ಲೂದ್ರೊಳಗ ಸಿಲಿಂಡರ್ ಟಕ್ ಅಂತ ಲಾಕ್ ಆಗಬೇಕು. ಒಂದು ಕೋಣಿಗೆ ಆಗ್ಲಿಲ್ಲಂದ್ರೂ ಟೈಮಿಂಗ್ ಸವದೈತಿ. ಆರೂ ಕೋಣಿಗೂ ಬ್ಯಾರೆ ಬ್ಯಾರೆ ಮಾಡ್ರಿ, ಒಂದರಾಗ ನೋಡಿ ಬಿಡಬ್ಯಾಡ್ರಿ.

ಸಿಲಿಂಡರ್ ಮುಖಕ್ಕೂ ಬ್ಯಾರೆಲ್ ಹಿಂಬದಿಗೂ ನಡುವ ಫೀಲರ್ ಗೇಜ್ (ಸಂದು ಅಳಿಯೋ ತೆಳು ಪಟ್ಟಿ) ತೂರ್ಸಿ ನೋಡ್ರಿ. 0.004ರಿಂದ 0.008 ಇಂಚು ಸಂದು ಇದ್ರ ಛಲೋ. ಅದಕ್ಕಿಂತ ಬಿಗಿ ಇದ್ರ ಹತ್ತಾರು ಈಡಿನ್ಯಾಗ ಕಿಟ್ಟ ಕಟ್ಟಿ ಸಿಲಿಂಡರ್ ಎಳದ್ಹಂಗ ತಿರುಗತೈತಿ. ಭಾಳ ಸಡ್ಲ ಇದ್ರ ವೇಗ ಹೋಗತೈತಿ, ಬದೀಗೆ ಬೆಂಕಿ ಉಗಳತೈತಿ. ಸಿಲಿಂಡರ್ ಹಿಂದಮುಂದ ಅಲುಗಾಡ್ಸಿದಾಗ ಕಡ್ ಕಡ್ ಅಂದ್ರ ಎಂಡ್‌ಶೇಕ್ ಐತಿ. ಅದು ಭಾರೀ ತೋಟಾ ಭಾಳ ಹೊಡದದ್ದರ ಗುರ್ತು. ಬ್ಯಾರೆಲ್ ಹಿಂಬದಿಯ ಕೊಳವಿ ಬಾಯಿಗೆ, ಅಂದ್ರ ಫೋರ್ಸಿಂಗ್ ಕೋನಿಗೆ, ಸಣ್ಣ ಟಾರ್ಚ್ ಹಿಡೀರಿ. ಗೆರಿ ಹಂಗ ಬಿರುಕು ಕಂಡ್ರ ಕೈಮುಗದು ಅಲ್ಲೇ ಇಟ್ಟು ಬರ್ರಿ. ಫ್ರೇಮಿನ ಮ್ಯಾಲಿನ ಪಟ್ಟಿಗೆ ಬೆಂಕಿ ಕೊರದ ಸಣ್ಣ ಗೀರು ಇದ್ರ ಹೆದರಬ್ಯಾಡ್ರಿ, ಅದು ಒಂದು ಮಟ್ಟಕ್ಕ ಬಂದು ನಿಲ್ಲತೈತಿ.

ಸಿಂಗಲ್ ಆ್ಯಕ್ಷನ್ (ಪ್ರತಿ ಈಡಿಗೂ ಹ್ಯಾಮರ್ ಕೈಲೆ ಏರ್ಸೋ) ರೂಗರ್ ಬ್ಲ್ಯಾಕ್‌ಹಾಕ್ ಯಾರರ ತೋರ್ಸಿದ್ರ ಮೂರು ಸ್ಕ್ರೂ ಇರೋ ಹಳೇದೋ, 1973ರ ಮ್ಯಾಲಿನ ಟ್ರಾನ್ಸ್‌ಫರ್ ಬಾರ್ (ಟ್ರಿಗರ್ ಎಳದಾಗಷ್ಟ ಹ್ಯಾಮರ್ ಪೆಟ್ಟು ದಾಟ್ಸೋ ಪಟ್ಟಿ) ಇರೋದೋ ನೋಡ್ರಿ. ಹಳೇದ್ರಾಗ ಐದೇ ತೋಟಾ ಹಾಕಿ, ಹ್ಯಾಮರ್ ಖಾಲಿ ಕೋಣಿ ಮ್ಯಾಲೆ ಇಳಿಸಿ ಇಡಬೇಕು. ಆರು ಹಾಕಿ ಕೋವಿ ಕೈಜಾರಿ ಬಿದ್ರ ಈಡು ಹಾರತೈತಿ.

ಸ್ಪೋಕೇನ್ ಕನ್ನಡಿಗ:

ತುಂಬಾ ಉಪಕಾರವಾಯಿತು. .454 ಕೈಬಿಟ್ಟೆ. ಹಳೆಯ 29ನ್ನು ಈ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. 629 ಅಥವಾ ರೆಡ್‌ಹಾಕ್, 5 ಇಂಚಿನ ಆಸುಪಾಸು. ಹಾಗಾದರೆ ತೋಟಾ? ಜಿಂಕೆಗೂ ಕರಡಿಗೂ ಒಂದೇ ಆಗುವುದಿಲ್ಲವೇ? ಎದೆಯ ಹೋಲ್‌ಸ್ಟರ್ ಸರಿಯೋ, ಸೊಂಟದ್ದೋ?

ಮಲೆನಾಡ ಮದ್ದು:

ಒಂದೇ ತೋಟಾ ಇಟ್ಟುಕೊಳ್ಳಬಹುದು, ಆದರೆ ಇವೆರಡು ಗುಂಡುಗಳ ಕೆಲಸ ಒಂದೇ ಅಲ್ಲ. ಜಿಂಕೆಯ ಎದೆ ತೆಳು. ಅಲ್ಲಿ ಗುಂಡು ಒಳಗೆ ಹೋಗಿ ಅರಳಬೇಕು. 240 ಗ್ರೇನ್ ಹಾರ್ನಡಿ ಎಕ್ಸ್‌ಟಿಪಿ ಅಥವಾ ಅಂಥದ್ದೇ ಮೆದುಮೂತಿಯ ಜಾಕೆಟ್ ಗುಂಡು ಸಾಕು. ಕರಡಿ ಎದುರಿಗೆ ಬಂದರೆ ಗುಂಡು ತಲೆ, ಹೆಗಲು, ದಪ್ಪ ಸ್ನಾಯುಗಳನ್ನು ಸೀಳಿಕೊಂಡು ನೇರ ಒಳಗಿಳಿಯಬೇಕು, ಅರಳಿ ಅರ್ಧಕ್ಕೆ ನಿಲ್ಲಬಾರದು. ಅದಕ್ಕೆ 300-320 ಗ್ರೇನಿನ, ಗಟ್ಟಿ ಸೀಸದ ಎರಕದ, ಅಗಲ ಚಪ್ಪಟೆ ಮೂತಿಯ ಗುಂಡು. ಚೂಪು ಅಥವಾ ದುಂಡು ಮೂತಿಯದು ಮೂಳೆಗೆ ತಾಗಿ ದಾರಿ ತಪ್ಪಬಹುದು. ಚಪ್ಪಟೆ ಮೂತಿ ನೇರವಾಗಿ ಹೋಗುತ್ತದೆ, ಅಗಲ ತೂತನ್ನೂ ಮಾಡುತ್ತದೆ.

ಬೇಟೆಗೆ ಅರಳುವ ಗುಂಡೇ ಬೇಕೆಂಬ ನಿಯಮ ಕೆಲವು ರಾಜ್ಯಗಳಲ್ಲಿದೆ, ಗಡಿ ದಾಟಿದರೆ ಅಲ್ಲಿಯ ಆ ವರ್ಷದ ಪುಸ್ತಿಕೆ ನೋಡಿ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡೇ ನಿಷಿದ್ಧ, ಅಲ್ಲಿ ತಾಮ್ರದ್ದು ಹಾಕಬೇಕು.

ಎರಡು ತೋಟಾ ಇಟ್ಟುಕೊಂಡವರು ಎಡವುವ ಜಾಗವೊಂದಿದೆ. 240ಕ್ಕೆ ಗುರಿ ಕೂರಿಸಿದ ಕೋವಿಯಲ್ಲಿ 300 ಹಾಕಿದರೆ ಈಡು ಮೇಲೆ ಬೀಳುತ್ತದೆ. ಭಾರದ ಗುಂಡು ನಿಧಾನ, ಬ್ಯಾರೆಲ್ಲಿನೊಳಗೆ ಹೆಚ್ಚು ಹೊತ್ತಿರುತ್ತದೆ. ಅಷ್ಟರಲ್ಲಿ ಒದೆತಕ್ಕೆ ಮೂತಿ ಮೇಲೆದ್ದಿರುತ್ತದೆ. 25 ಗಜದಲ್ಲಿ ಎರಡನ್ನೂ ಹೊಡೆದು, ಹಿಂದಿನ ಸೈಟ್‌ನ ಸ್ಕ್ರೂ ಎಷ್ಟು ಕ್ಲಿಕ್ ತಿರುಗಿಸಿದರೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ ಎಂದು ಬರೆದಿಡಿ. ಬೇಟೆಯ ತೋಟಾಕ್ಕೆ 50 ಗಜದಲ್ಲಿ ಗುರಿ ಕೂರಿಸಿದರೆ ಸಾಕು. ಸೆಕೆಂಡಿಗೆ 1,300 ಅಡಿ ವೇಗದ 240 ಗ್ರೇನ್ ಗುಂಡು 100 ಗಜಕ್ಕೆ ಹೋಗುವಷ್ಟರಲ್ಲಿ ಸುಮಾರು 6 ಇಂಚು ಕೆಳಗಿಳಿದಿರುತ್ತದೆ. ನಿಮ್ಮ 60 ಗಜಕ್ಕೆ ತಿದ್ದುಪಡಿ ಬೇಕಿಲ್ಲ.

ಇನ್ನೊಂದನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ಇದು ಕೋವಿಯನ್ನೇ ನಿಲ್ಲಿಸಿಬಿಡುತ್ತದೆ. ಭಾರೀ ತೋಟಾ ಹೊಡೆದಾಗ ಸಿಲಿಂಡರ್‌ನಲ್ಲಿ ಉಳಿದ ತೋಟಾಗಳ ಕೇಸ್ ಒದೆತದ ಜೊತೆ ಹಿಂದಕ್ಕೆ ಸರಿಯುತ್ತದೆ, ಒಳಗಿನ ಗುಂಡು ತನ್ನ ತೂಕಕ್ಕೆ ಇದ್ದಲ್ಲೇ ಉಳಿಯುತ್ತದೆ. ಪ್ರತಿ ಈಡಿಗೂ ಗುಂಡು ಕೂದಲೆಳೆಯಷ್ಟು ಹೊರಗೆ ಬರುತ್ತಾ ಬರುತ್ತಾ, ನಾಲ್ಕನೆಯದೋ ಐದನೆಯದೋ ಈಡಿಗೆ ಅದರ ಮೂತಿ ಸಿಲಿಂಡರ್ ಮುಖದಿಂದ ಇಣುಕಿ ಫ್ರೇಮಿಗೆ ತಡೆಯುತ್ತದೆ. ಸಿಲಿಂಡರ್ ಮುಂದಕ್ಕೂ ತಿರುಗದು, ಸುಲಭಕ್ಕೆ ತೆರೆಯಲೂ ಆಗದು. ಕಾರಣ ಕೇಸ್‌ನ ಬಾಯಿ ಗುಂಡನ್ನು ಸಾಕಷ್ಟು ಕಚ್ಚಿರದಿರುವುದು. ಹಗುರ ಕೋವಿಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಪರೀಕ್ಷೆ ಸುಲಭ: ಆರು ತೋಟಾ ಹಾಕುವ ಮುನ್ನ ಒಂದರ ಬುಡಕ್ಕೆ ಮಾರ್ಕರ್‌ನಿಂದ ಚುಕ್ಕೆ ಇಟ್ಟು, ಅದರ ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ಉಳಿದ ಐದನ್ನು ಹೊಡೆದು ಚುಕ್ಕೆಯದನ್ನು ಹೊರತೆಗೆದು ಮತ್ತೆ ಅಳೆಯಿರಿ. ಒಂದೆರಡು ಸಾವಿರಾಂಶ ಇಂಚು ಬೆಳೆದಿದ್ದರೆ ಚಿಂತೆಯಿಲ್ಲ. ಇಪ್ಪತ್ತು-ಮೂವತ್ತು ಬೆಳೆದಿದ್ದರೆ ಆ ತೋಟಾ ಆ ಕೋವಿಗೆ ಬೇಡ.

ಅಭ್ಯಾಸಕ್ಕೆ .44 ಸ್ಪೆಷಲ್ ಹಾಕಿ, ಅಗ್ಗವಲ್ಲದಿದ್ದರೂ ಕೈಗೆ ಹಿತ. ಆ ಕೇಸ್ ಗಿಡ್ಡ, ಹಾಗಾಗಿ ಕೋಣೆಯೊಳಗೆ ಅದರ ಬಾಯಿ ಮುಗಿಯುವಲ್ಲಿ ಮಸಿಯ ಉಂಗುರ ಕಟ್ಟುತ್ತದೆ. ತೊಳೆಯದೆ ಮ್ಯಾಗ್ನಮ್ ಹಾಕಿದರೆ ಉದ್ದದ ಕೇಸ್ ಆ ಉಂಗುರದಲ್ಲಿ ಸಿಕ್ಕಿ ಒಳಗೆ ಪೂರ್ತಿ ಕೂರುವುದಿಲ್ಲ. ಕೂತರೂ ಸುಟ್ಟ ಮೇಲೆ ಕೀಳಲು ಒದ್ದಾಡಬೇಕು. ಕಾಡಿಗೆ ಹೊರಡುವ ಮುನ್ನ ಆರೂ ಕೋಣೆಗೆ ಹಿತ್ತಾಳೆ ಬ್ರಷ್ ಆಡಿಸಿ.

ಎದೆಪಟ್ಟಿ:

ಹೋಲ್‌ಸ್ಟರ್ ಎದೆಯ ಮೇಲಿನದೇ. ಬೆನ್ನಚೀಲದ ಸೊಂಟಪಟ್ಟಿ ಕಟ್ಟಿದರೆ ಸೊಂಟದ ಹೋಲ್‌ಸ್ಟರ್ ಅದರಡಿ ಸಿಕ್ಕಿಕೊಳ್ಳುತ್ತದೆ. ಎದೆಯ ಮೇಲಿನದು ಚೀಲ ಹಾಕಿದಾಗಲೂ, ಕೂತಾಗಲೂ, ಅಂಗಾತ ಬಿದ್ದಾಗಲೂ ಕೈಗೆ ಸಿಗುತ್ತದೆ. ಟ್ರಿಗರ್ ಗಾರ್ಡ್ ಪೂರ್ತಿ ಮುಚ್ಚಿರಬೇಕು, ಮೇಲೆ ಬಿಗಿಪಟ್ಟಿ ಇರಬೇಕು, ಮಳೆಯಂಗಿಯ ಹೊರಗಿರಬೇಕು. ಜಿಪ್ ಎಳೆಯುವಷ್ಟು ಹೊತ್ತು ಕೂಗರ್ ಕಾಯುವುದಿಲ್ಲ. ರೆಡ್ ಡಾಟ್ (ಕೆಂಪು ಚುಕ್ಕೆ ತೋರಿಸುವ ಸೈಟ್) ಕೂರಿಸಬೇಕೆಂದಿದ್ದರೆ ಅದಕ್ಕೆ ಹೊಂದುವ ಹೋಲ್‌ಸ್ಟರ್ ಮೊದಲು ಹುಡುಕಿ, ಆಮೇಲೆ ಡಾಟ್ ಕೊಳ್ಳಿ.

ಬೆಂಗಾವಲಿನ ಕೋವಿಯನ್ನು ಡಬಲ್ ಆ್ಯಕ್ಷನ್‌ನಲ್ಲೇ ಹೊಡೆದು ಕಲಿಯಿರಿ. ಜಿಂಕೆಗೆ ಹ್ಯಾಮರ್ ಏರಿಸಿ 3-4 ಪೌಂಡಿನ ಹಗುರ ಟ್ರಿಗರ್‌ನಲ್ಲಿ ಹೊಡೆಯಬಹುದು, ಕರಡಿಗೆ 10-12 ಪೌಂಡಿನ ಉದ್ದ ಎಳೆತವೇ ಗತಿ. 7 ಗಜದಲ್ಲಿ 8 ಇಂಚಿನ ಪೇಪರ್ ತಟ್ಟೆ ನಿಲ್ಲಿಸಿ. ಹೋಲ್‌ಸ್ಟರ್‌ನಿಂದ ತೆಗೆದು ಮೂರು ಈಡು, 5 ಸೆಕೆಂಡಿನೊಳಗೆ ಮೂರೂ ತಟ್ಟೆಯಲ್ಲಿರಬೇಕು. ಬೀಳದಿದ್ದರೆ ತೋಟಾ ಹಗುರ ಮಾಡಿ. ನಡುನಡುವೆ ಯಾರಾದರೂ ನಿಮಗೆ ತಿಳಿಯದಂತೆ ಒಂದು ಡಮ್ಮಿ ತೋಟಾ ಸೇರಿಸಲಿ. ಹ್ಯಾಮರ್ ಡಮ್ಮಿಯ ಮೇಲೆ ಬಿದ್ದಾಗ ಮೂತಿ ಕೆಳಗೆ ಬಗ್ಗಿದರೆ ನೀವು ಒದೆತಕ್ಕೆ ಮೊದಲೇ ಹೆದರುತ್ತಿದ್ದೀರಿ. ಅದನ್ನು ಬಿಡಿಸದೆ ಮುಂದೆ ಹೋಗಬೇಡಿ. ಒಂದು ದಿನಕ್ಕೆ ತುಂಬು ಮ್ಯಾಗ್ನಮ್ 50ಕ್ಕಿಂತ ಹೆಚ್ಚು ಬೇಡ, ಕಿವಿಗೆ ಪ್ಲಗ್ ಮತ್ತು ಮಫ್ ಎರಡೂ ಇರಲಿ.

ಸುಟ್ಟ ಕೇಸ್ ತೆಗೆಯುವಾಗ ಮೂತಿಯನ್ನು ನೇರ ಮೇಲೆ ಮಾಡಿ, ಎಜೆಕ್ಟರ್ ಕಡ್ಡಿಯನ್ನು ಅಂಗೈಯಿಂದ ಒಂದೇ ಏಟಿಗೆ ಹೊಡೆಯಿರಿ. ಮೂತಿ ಕೆಳಗಿಟ್ಟು ಮೆಲ್ಲಗೆ ಒತ್ತಿದರೆ ಸುಡದೆ ಉಳಿದ ಮದ್ದಿನ ಕಾಳು ನಕ್ಷತ್ರಾಕಾರದ ಎಜೆಕ್ಟರ್‌ನ ಅಡಿಗೆ ಉದುರುತ್ತದೆ. ಸಾಸಿವೆಗಿಂತ ಸಣ್ಣ ಕಾಳು ನಾಲ್ಕೈದು ಸೇರಿದರೂ ನಕ್ಷತ್ರ ಪೂರ್ತಿ ಕೂರುವುದಿಲ್ಲ, ಹೊಸ ತೋಟಾಗಳ ಬುಡ ಹಿಂದಿನ ಫ್ರೇಮಿಗೆ ಉಜ್ಜಿ ಸಿಲಿಂಡರ್ ಬಿಗಿಯಾಗುತ್ತದೆ. ಕೋವಿ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಒಯ್ಯುವ ಎಷ್ಟೋ ರಿವಾಲ್ವರ್‌ಗಳ ಕಾಯಿಲೆ ಇದೇ. ಜೇಬಿನಲ್ಲೊಂದು ಹಳೆಯ ಹಲ್ಲುಜ್ಜುವ ಬ್ರಷ್ ಇಟ್ಟುಕೊಳ್ಳಿ.

ಬೆರಳುಗಳನ್ನು ಎಂದೂ ಸಿಲಿಂಡರ್‌ನ ಮುಂದಕ್ಕೆ ಚಾಚಬೇಡಿ. ರೈಫಲ್ ಹಿಡಿದು ಅಭ್ಯಾಸವಾದವರು ಎಡಗೈಯನ್ನು ತಮಗೆ ತಿಳಿಯದೇ ಮುಂದಕ್ಕೆ ಒಯ್ಯುತ್ತಾರೆ. ಪೇಢೆಯವರು ಹೇಳಿದ ಆ 0.004-0.008 ಇಂಚಿನ ಸಂದಿಯಿಂದ ಬರುವ ಬೆಂಕಿಗಾಳಿ ಬೆರಳನ್ನು ಕೊಯ್ಯುತ್ತದೆ. ಮರದ ದಿಮ್ಮಿಗೆ ಆನಿಸಿ ಹೊಡೆಯುವಾಗಲೂ ಬ್ಯಾರೆಲ್ ಆನಿಸಬೇಡಿ, ಮಣಿಕಟ್ಟು ಆನಿಸಿ.

ಕರಡಿ ಸ್ಪ್ರೇ ಕ್ಯಾನ್ ಕೂಡ ಜೊತೆಗಿರಲಿ. 30 ಅಡಿಯಿಂದ ಅದು ಮೋಡದಂತೆ ಹರಡುತ್ತದೆ, ನಿಖರ ಗುರಿ ಬೇಡ. ರಿವಾಲ್ವರಿಗೆ ಅದು ಬದಲಿಯಲ್ಲ, ಸ್ಪ್ರೇಗೆ ರಿವಾಲ್ವರೂ ಬದಲಿಯಲ್ಲ. ಗಾಳಿ ನಿಮ್ಮ ಕಡೆ ಬೀಸುತ್ತಿದ್ದರೆ ಸ್ಪ್ರೇ ನಿಮ್ಮ ಕಣ್ಣಿಗೇ ಬರುತ್ತದೆ.

ನಳಿಗೆ:

ಕಾನೂನಿನ ಎರಡು ಮಾತು ಸೇರಿಸುತ್ತೇನೆ, ಇದನ್ನು ಓದುವವರಲ್ಲಿ ವೀಸಾದಲ್ಲಿರುವವರೂ ಇರುತ್ತಾರೆ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಎಚ್-1ಬಿಯಂಥ ವೀಸಾದಲ್ಲಿರುವವರು ಅಮೆರಿಕದ ಫೆಡರಲ್ ಕಾನೂನಿನಂತೆ ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಆ ಲೈಸೆನ್ಸ್ ಅವಧಿ ಮುಗಿದ ದಿನ ಮನೆಯಲ್ಲಿರುವ ಕೋವಿ ಅಕ್ರಮವಾಗುತ್ತದೆ, ಆದ್ದರಿಂದ ಮುಗಿಯುವ ಮುನ್ನವೇ ನವೀಕರಿಸಬೇಕು. ಪೌರರಲ್ಲದವರಿಗೆ ವಾಷಿಂಗ್ಟನ್ ರಾಜ್ಯದ ಪ್ರತ್ಯೇಕ ಷರತ್ತುಗಳೂ ಇವೆ. ವೀಸಾದಲ್ಲಿರುವವರು ಕೊಳ್ಳುವ ಮುನ್ನ ವಕೀಲರನ್ನು ಕೇಳುವುದೇ ಸರಿ.

2024ರ ಜನವರಿ 1ರಿಂದ ವಾಷಿಂಗ್ಟನ್‌ನಲ್ಲಿ ಹಣ ಕೊಟ್ಟು 10 ಕೆಲಸದ ದಿನ ಕಾಯಬೇಕು, ಸುರಕ್ಷತಾ ತರಬೇತಿಯ ಪ್ರಮಾಣವನ್ನೂ ತೋರಿಸಬೇಕು. ಬೇಟೆಯ ಕಾಲ ಶುರುವಾಗುವ ವಾರದಲ್ಲಿ ಅಂಗಡಿಗೆ ಓಡಬೇಡಿ. ಬೇಟೆ, ಚಾರಣದ ಹೊತ್ತಿಗೆ ಕಾಡಿನಲ್ಲಿ ಮೈಮೇಲೆ ಒಯ್ಯಲು ವಿನಾಯಿತಿ ಇದೆ. ಆದರೆ ಮರೆಮಾಚಿ ಒಯ್ಯುವ ಲೈಸೆನ್ಸ್ ಇಲ್ಲದೆ ತುಂಬಿದ ಹ್ಯಾಂಡ್‌ಗನ್ ಕಾರಿನೊಳಗೆ ಇರುವಂತಿಲ್ಲ. ಪಾರ್ಕಿಂಗ್‌ಗೆ ಮರಳಿದ ಕೂಡಲೇ ಆರೂ ಕೋಣೆ ಖಾಲಿ ಮಾಡಿ.

ಧಾರವಾಡ ಪೇಢೆ:

ಇಲ್ಲಿ ಊರಿಂದ ಓದೋರಿಗೂ ಒಂದ್ ಮಾತು. ಇದೆಲ್ಲಾ ಅಲ್ಲಿಯ ಮಾತ್ರಿ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಈಗ ಶಿಕಾರಿ ಬಂದ್. ಕೊಡಗಿನವ್ರಿಗೆ ಶಸ್ತ್ರಾಸ್ತ್ರ ಕಾಯ್ದಿಯೊಳಗ 2029ರ ತನಕ ಲೈಸೆನ್ಸ್ ವಿನಾಯಿತಿ ಐತಿ, ಖರೆ. ಅದು ಕೋವಿ ಇಟ್ಕೊಳ್ಳಾಕ, ಪ್ರಾಣಿ ಹೊಡಿಯಾಕಲ್ಲ.

ಸ್ಪೋಕೇನ್ ಕನ್ನಡಿಗ:

629, 5 ಇಂಚು ಎಂದು ತೀರ್ಮಾನಿಸಿದೆ. ಮೊದಲು .44 ಸ್ಪೆಷಲ್‌ನಲ್ಲಿ ಡಮ್ಮಿ ಪರೀಕ್ಷೆ, ಆಮೇಲೆ 240, ಕೊನೆಗೆ 300. ಕ್ಯಾಲಿಪರ್‌ನಲ್ಲಿ ಅಳೆದ ಉದ್ದಗಳನ್ನು ಇಲ್ಲೇ ಬರೆಯುತ್ತೇನೆ. 300 ಗ್ರೇನಿನಲ್ಲಿ ಎಷ್ಟನೆಯ ಈಡಿನ ನಂತರ ಅಳೆಯಬೇಕು?

ಮಲೆನಾಡ ಮದ್ದು:

ಐದರ ನಂತರ. ಒಂದೇ ಸಲ ನೋಡಿ ಬಿಡಬೇಡಿ, ಅದೇ ಪೆಟ್ಟಿಗೆಯಿಂದ ಬೇರೆ ಬೇರೆ ಮೂರು ತೋಟಾಗಳಿಗೆ ಚುಕ್ಕೆ ಇಟ್ಟು ಮೂರು ಸಲ ಮಾಡಿ. ಒಂದು ಕಚ್ಚಿ ಹಿಡಿದು ಇನ್ನೊಂದು ಬಿಟ್ಟುಕೊಟ್ಟರೆ ಆ ಪೆಟ್ಟಿಗೆಯ ಕ್ರಿಂಪ್ (ಕೇಸ್ ಬಾಯಿ ಗುಂಡನ್ನು ಕಚ್ಚಿರುವ ಬಿಗಿ) ಒಂದೇ ಸಮ ಇಲ್ಲ ಎಂದರ್ಥ. ಐದು ಈಡು ತಿಂದ ತೋಟಾಗಳನ್ನು ಮತ್ತೆ ಬೆಂಗಾವಲಿಗೆ ಇಡಬೇಡಿ. ಅವನ್ನು ರೇಂಜ್‌ನಲ್ಲೇ, ಸಿಲಿಂಡರ್‌ಗೆ ಮೊದಲನೆಯದಾಗಿ ಹಾಕಿ ಹೊಡೆದು ಮುಗಿಸಿ.